ಕಿಟಕಿಯ ಕಡೆಗೆ ಉರುಳುವ ಲೇಸು

ಕಳೆದ ತಿಂಗಳು ಅವರು ಗಂಡನೊಂದಿಗೆ ಊರಿಗೆ ಹೊರಟುಹೋದರು. ಗಂಡನಿಗೆ ಕೆಲಸದಿಂದ ನಿವೃತ್ತಿಯಾಯಿತು, ವೀಸಾ ರದ್ದಾಯಿತು, ಇನ್ನು ಕತಾರಿಗೆ ಮರಳುವ ಮಾತಿಲ್ಲ. ಬೀಳ್ಕೊಡಲು ವಿಮಾನ ನಿಲ್ದಾಣಕ್ಕೆ ಹೋಗಿದ್ದವರು ನಾನು, ನನ್ನ ಗಂಡ ಶ್ರೀಧರ ಮತ್ತು ಮಗಳು. ಒಳಗೆ ಹೋಗುವ ಮುಂಚೆ ಅವರು ನನ್ನ ಕೈ ಹಿಡಿದುಕೊಂಡರು. ಅಷ್ಟು ವರ್ಷ ಅಕ್ಕಪಕ್ಕ ಬದುಕಿದವರು ಈಗ ಏನಾದರೂ ಹೇಳುತ್ತಾರೆ ಎಂದು ಕಾದು ನಿಂತಿದ್ದೆ. "ಗ್ಯಾಸ್ ಆಫ್ ಮಾಡಿ ಬಂದಿದ್ದೀಯಲ್ಲ?" ಎಂದರು.

ಅವರು ಇದ್ದದ್ದೇ ಹಾಗೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ಎಲ್ಲೋ ಅಚ್ಚಾಗಿದೆ ಎಂದು ತಿಳಿದರೆ ಅದಕ್ಕೂ ಹೆದರುವವರು. ಉಡುಪಿ ಕಡೆಯ ಕ್ರೈಸ್ತರು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಆ ಕಡೆಯ ಕನ್ನಡ. ನಾನು ಅಕ್ಕ ಎನ್ನುತ್ತಿದ್ದೆ. ಅವರ ಗಂಡ ನಾಲ್ಕು ಜನರ ಮುಂದೆ "ನಮ್ಮ ಹೆದ್ರಿಕೆ ಬಾಯಮ್ಮ" ಎಂದು ಪರಿಚಯ ಮಾಡಿಸುತ್ತಿದ್ದರು. ಬಾಯಮ್ಮ ಎಂದರೆ ಆ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ರೀತಿ. ಅವರೂ ನಗುತ್ತಿದ್ದರು, ಆದರೆ ನಗುವಾಗಲೂ ಕಣ್ಣು ಮಾತ್ರ ಎಲ್ಲೋ ಒಂದು ಸ್ವಿಚ್ಚಿನ ಮೇಲೋ ಕಿಟಕಿಯ ಚಿಲಕದ ಮೇಲೋ ಇರುತ್ತಿತ್ತು.

ಮೊದಲ ಸಲ ಅವರನ್ನು ಕಂಡದ್ದು ಕತಾರಿನ ವೆಸ್ಟ್ ಬೇಯಲ್ಲಿ, ನಮ್ಮ ಆಫೀಸಿದ್ದ ಗೋಪುರದ ಮೆಟ್ಟಿಲುಗಳ ಮೇಲೆ. ಆಗಷ್ಟೇ ಮೈಸೂರಿನಿಂದ ಬಂದು ಕೆಲಸಕ್ಕೆ ಸೇರಿದ್ದೆ. ಒಂದು ಬೆಳಿಗ್ಗೆ ಲಿಫ್ಟ್ ಕೆಟ್ಟಿತ್ತು, ಬೈದುಕೊಳ್ಳುತ್ತ ಹತ್ತಿದೆ. ಏಳನೇ ಮಹಡಿಯ ತಿರುವಿನಲ್ಲಿ ಒಬ್ಬ ಹೆಂಗಸು ಚಪ್ಪಲಿ ಪಕ್ಕದಲ್ಲಿಟ್ಟುಕೊಂಡು, ಊಟದ ಚೀಲ ತೊಡೆಯ ಮೇಲಿಟ್ಟುಕೊಂಡು ಸುಧಾರಿಸಿಕೊಳ್ಳುತ್ತಿದ್ದರು. ಕೊರಳಿನ ಕಾರ್ಡು ನೋಡಿದೆ, ನಮ್ಮದೇ ಆಫೀಸು.

"ಲಿಫ್ಟ್ ಯಾವಾಗ ಸರಿಹೋಗುತ್ತೋ" ಎಂದೆ.

"ಓ, ಲಿಫ್ಟ್ ಹಾಳಾಗಿದಾ? ನಂಗೆ ಗೊತ್ತೇ ಇಲ್ಲ. ನಾನು ದಿನಾ ಹೀಗೇ ಬರುದು."

ಅವರು ಆ ಗೋಪುರದಲ್ಲಿ ಒಂದು ದಿನವೂ ಲಿಫ್ಟಿಗೆ ಕಾಲಿಟ್ಟಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಅದು ತೆರೆಯದಿದ್ದರೆ ಎಂಬ ಒಂದೇ ಯೋಚನೆ. ಮಂಡಿ ನೋವು ಬಂದಾಗ ಎಲ್ಲರೂ ಲಿಫ್ಟಿನಲ್ಲಿ ಹೋಗಿ ಎಂದರು. ಅವರು ಕೆಲಸವನ್ನೇ ಬಿಟ್ಟರು.

ಮುಐದರ್ ಎಂಬ ಬಡಾವಣೆಯಲ್ಲಿ ನಮಗೆ ಮನೆ ಹುಡುಕಿಕೊಟ್ಟವರೂ ಅವರೇ. ಮನೆ ಎಂದರೆ ಒಂದು ದೊಡ್ಡ ವಿಲ್ಲಾವನ್ನು ಪ್ಲೈವುಡ್ ಗೋಡೆಗಳಿಂದ ತುಂಡುಮಾಡಿ ಐದಾರು ಸಂಸಾರಗಳಿಗೆ ಕೊಟ್ಟದ್ದು, ಕಾನೂನು ಒಪ್ಪದ ಏರ್ಪಾಡು. ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಮಂಚದ ಮೇಲೆ ಕುಳಿತು ಸೀನುತ್ತಿದ್ದರು. ನಮ್ಮದು ಮುಂಭಾಗ. ಅವರದು ಹಿಂದುಗಡೆ, ಹಳೆಯ ಕಟ್ಟಡಕ್ಕೆ ಆಮೇಲೆ ಸೇರಿಸಿ ಕಟ್ಟಿದ ಎರಡು ಕೋಣೆ. ಅದರ ತಾರಸಿಯ ಮೇಲೆ ನೀರಿನ ಟ್ಯಾಂಕುಗಳು, ಟ್ಯಾಂಕುಗಳ ಪಕ್ಕದಲ್ಲಿ ಇನ್ನೂ ಒಂದು ಕೋಣೆ. ಅಲ್ಲಿ ತೆಲಂಗಾಣದ ಒಬ್ಬ ಬಸ್ ಡ್ರೈವರ್ ಹುಡುಗ ಇದ್ದ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವನು. ಅವನ ಕೋಣೆಗೆ ಹೋಗುವ ಕಬ್ಬಿಣದ ಮೆಟ್ಟಿಲು ಅಕ್ಕನ ಕಿಟಕಿಯ ಪಕ್ಕದಲ್ಲೇ ಇತ್ತು.

ಕೆಲಸ ಬಿಟ್ಟಮೇಲೆ ಅಕ್ಕ ಹೊಲಿಗೆ ಹಿಡಿದರು. ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸುವ ಹೆಣ್ಣುಮಕ್ಕಳಿಗೆ ಬಿಳಿ ಫ್ರಾಕು, ಚಿಕ್ಕ ಮಕ್ಕಳ ಹುಟ್ಟುಹಬ್ಬದ ಅಂಗಿ, ರವಿಕೆ. ನನ್ನ ಮಗಳು ಶಾಲೆಯಿಂದ ಬಂದು ನಾನು ಆಫೀಸು ಮುಗಿಸಿ ಬರುವವರೆಗೆ ಅವರ ಮನೆಯಲ್ಲೇ ಊಟ ಮಾಡಿ, ಹೊಲಿಗೆ ಯಂತ್ರದ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದಳು. ಮಗುವಿಗೆ ತುತ್ತು ಕೊಡುವ ಮುಂಚೆ ಮೀನಿನ ಪ್ರತಿ ಚೂರನ್ನೂ ಬೆರಳಿನಿಂದ ಒತ್ತಿ ಮುಳ್ಳು ಹುಡುಕುತ್ತಿದ್ದರಂತೆ. ನಾವು ಮನೆಯಲ್ಲಿ ಮೀನು ತಿನ್ನದವರು. ಅವಳು ಅಲ್ಲಿ ತಿನ್ನುತ್ತಿದ್ದಾಳೆ ಎಂದು ನನಗೆ ತಿಳಿದದ್ದೇ ಆ ಮುಳ್ಳಿನ ಸುದ್ದಿಯಿಂದ.

ಲೇಸುಗಳದೇ ಅವರಿಗೆ ದೊಡ್ಡ ತಲೆನೋವಾಗಿತ್ತು. ಸುತ್ತಿಟ್ಟ ಲೇಸು ಒಂದನ್ನು ಎಳೆದರೆ ನಾಲ್ಕು ಬಿಚ್ಚಿಕೊಂಡು ಒಂದಕ್ಕೊಂದು ತೊಡರಿಕೊಳ್ಳುತ್ತಿದ್ದವು. ಅವರ ಗಂಡ ಯಾರೋ ರಸ್ತೆ ಬದಿಗೆ ಎಸೆದಿದ್ದ ಮಂಚದ ಹಲಗೆಗಳನ್ನು ತಂದು, ಒಂದು ರಜೆಯ ದಿನ ಕುಳಿತು ಉದ್ದನೆಯ, ಇಕ್ಕಟ್ಟಾದ ಒಂದು ತೊಟ್ಟಿಯಂಥದ್ದನ್ನು ಮಾಡಿಕೊಟ್ಟರು. ಎರಡು ಹಲಗೆ ಎರಡು ಬದಿಗೆ, ಒಂದು ಕೆಳಗೆ, ಆಚೀಚೆ ತುದಿಗೆ ಒಂದೊಂದು ಚೂರು. ಖಾಲಿಯಾದ ಗಮ್ ಟೇಪಿನ ರಟ್ಟಿನ ಬಳೆಗಳನ್ನು ಆಫೀಸಿನಿಂದ ತಂದರು. ಆ ಬಳೆಗಳಿಗೆ ಲೇಸು ಸುತ್ತಿ, ಸುರುಳಿಗಳನ್ನು ಗಾಡಿಯ ಚಕ್ರಗಳ ಹಾಗೆ ಒಂದರ ಹಿಂದೆ ಒಂದು ತೊಟ್ಟಿಯಲ್ಲಿ ನಿಲ್ಲಿಸಿದರೆ ಮುಗಿಯಿತು. ಮುಂದಿನ ಹಲಗೆಯ ಅಂಚಿನಲ್ಲಿ ಗರಗಸದಿಂದ ಕಚ್ಚು ಮಾಡಿ ಪ್ರತಿ ಲೇಸಿನ ತುದಿಯನ್ನು ಅದರಲ್ಲಿ ಸಿಕ್ಕಿಸಿದ್ದರು. ತುದಿ ಹಿಡಿದು ಎಳೆದರೆ ಸುರುಳಿ ನಿಂತಲ್ಲೇ ತಿರುಗಿ ಬೇಕಾದಷ್ಟು ಬಿಚ್ಚಿಕೊಡುತ್ತಿತ್ತು. ಸುರುಳಿ ಸುರುಳಿಗಳ ನಡುವೆ ತಡೆ ಇಡುತ್ತೇನೆ ಎಂದಿದ್ದರು, ಇಡಲಿಲ್ಲ. ನೋಡಲು ಉದ್ದ ದೋಣಿಯ ಹಾಗಿತ್ತು. ಅಕ್ಕ ಅದನ್ನು ದೋಣಿ ಎಂದೇ ಕರೆದರು. ಹೊಲಿಗೆ ಯಂತ್ರದ ಹಿಂದಿನ ಗೋಡೆಗೆ ಒತ್ತಿ, ಒಂದು ಮೇಜಿನ ಮೇಲೆ ಇಟ್ಟರು. ಒಂದು ತುದಿ ಬಾಗಿಲ ಕಡೆ, ಇನ್ನೊಂದು ಕಿಟಕಿಯ ಕಡೆ.

ಅವರು ಯಾವುದಕ್ಕೂ ಹೆದರದೆ ಇದ್ದದ್ದನ್ನು ನಾನು ನೋಡಿದ್ದು ಆ ದೋಣಿಯ ಮುಂದೆ ಮಾತ್ರ. ಲೇಸು ಎಳೆಯುತ್ತ, ಕೊಂಕಣಿಯಲ್ಲಿ ಏನೋ ಗುನುಗುತ್ತ, ಎಲ್ಲ ಸ್ವಿಚ್ಚುಗಳನ್ನೂ ಮರೆತು ಕೂರುತ್ತಿದ್ದರು.

ಒಂದು ಸಂಜೆ ಮಗಳನ್ನು ಕರೆತರಲು ಹೋದಾಗ ಅವರು ದೋಣಿಯ ಮುಂದೆ ಕೈಕಟ್ಟಿ ನಿಂತಿದ್ದರು.

"ನೋಡು ಮಾರಾಯ್ತಿ, ಪುನಃ ಆಚೆ ಹೋಗಿವೆ."

ಸುರುಳಿಗಳೆಲ್ಲ ಕಿಟಕಿಯ ತುದಿಗೆ ಹೋಗಿ ಒಂದಕ್ಕೊಂದು ಒತ್ತಿಕೊಂಡಿದ್ದವು. ಬಾಗಿಲ ಕಡೆಯ ಅರ್ಧ ದೋಣಿ ಖಾಲಿ.

"ಪಾಪು ಆಟ ಆಡಿರ್ತಾಳೆ ಅಕ್ಕ" ಎಂದೆ.

"ನಾನಲ್ಲ" ಎಂದಳು ಮಗಳು. "ಅಮ್ಮಾ, ಇಟ್ ಗೋಸ್ ಬೈ ಇಟ್‌ಸೆಲ್ಫ್. ನೋಡು."

ಅವಳು ಒಂದು ಸುರುಳಿಯನ್ನು ಎತ್ತಿ ಬಾಗಿಲ ಕಡೆಯ ತುದಿಯಲ್ಲಿ ನಿಲ್ಲಿಸಿ ಕೈ ಬಿಟ್ಟಳು. ಅದು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಯೋಚಿಸಿ ಹೊರಟ ಹಾಗೆ, ಮೆಲ್ಲಗೆ, ಉದ್ದಕ್ಕೂ ಉರುಳಿ ಹೋಗಿ ಉಳಿದವುಗಳಿಗೆ ತಾಗಿ ನಿಂತಿತು. ಮಗಳು ನಕ್ಕಳು. ನನಗೂ ತಮಾಷೆ ಎನಿಸಿತು. ಅಕ್ಕ ನಗಲಿಲ್ಲ.

ಗಂಡ ಬಂದು ನೋಡಿದರು. ಹಲಗೆ ಎಸಿಯ ತಂಪಿಗೆ ಬಾಗಿರಬೇಕು ಎಂದು ದೋಣಿಯನ್ನು ಎತ್ತಿ ತುದಿ ಬದಲಿಸಿ ಇಟ್ಟರು, ಬಾಗಿಲ ಕಡೆ ಇದ್ದದ್ದು ಕಿಟಕಿಯ ಕಡೆಗೆ. ಬಾಗಿದ್ದು ಹಲಗೆಯಾದರೆ ಸುರುಳಿ ಈಗ ಬಾಗಿಲ ಕಡೆ ಉರುಳಬೇಕಿತ್ತು. ಅದು ಮತ್ತೆ ಕಿಟಕಿಯ ಕಡೆಗೇ ಹೋಯಿತು. ಮೇಜು ಸರಿಯಿಲ್ಲ ಎಂದು ದೋಣಿಯನ್ನು ನೆಲದ ಮೇಲೆ ಇಟ್ಟರು. ಆಗಲೂ ಕಿಟಕಿಯ ಕಡೆಗೇ. ಅವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ನಿಂತುಹೋದ ಸುರುಳಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಈ ಊರಲ್ಲಿ ಯಾರು ನೆಲ ಸಮ ಮಾಡಿ ಕಟ್ತಾರೆ?" ಎಂದು ಎದ್ದುಹೋದರು.

ಮೊದಲಿನಿಂದಲೂ ನೆಲ ಓರೆಯಾಗಿದ್ದರೆ ಮೊದಲಿನಿಂದಲೂ ಉರುಳಬೇಕಿತ್ತಲ್ಲ. ಆ ಪ್ರಶ್ನೆಯನ್ನು ಅಕ್ಕ ಅವತ್ತು ಕೇಳಲಿಲ್ಲ. ಹಳೆಯ ಮದುವೆ ಕಾಗದವೊಂದನ್ನು ಮಡಚಿ ದೋಣಿಯ ಕಿಟಕಿಯ ತುದಿಯ ಕೆಳಗೆ ಇಟ್ಟರು. ಸುರುಳಿಗಳು ನಿಂತವು. ಕೆಲವು ದಿನ ನಿಂತೇ ಇದ್ದವು. ಮತ್ತೆ ಒಂದು ದಿನ ಹೊರಟವು. ಇನ್ನೊಂದು ಕಾಗದ ಸೇರಿಸಿದರು. ಅದೂ ಸಾಲದಾದಾಗ ಒಂದು ರಟ್ಟು. ಆಮೇಲೆ ಹಳೆಯ ಕ್ಯಾಲೆಂಡರನ್ನೇ ಮಡಚಿ ತುರುಕಿದರು.

ನಾನು ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ದೋಣಿಯ ಕೆಳಗಿನ ಆ ಕಾಗದದ ಗಂಟಿನ ಕಡೆಗೆ. ಅದು ದಪ್ಪವಾಗುತ್ತಿತ್ತು. ಒಮ್ಮೆ ನಾವಿಬ್ಬರೂ ಚಹಾ ಕುಡಿಯುತ್ತ ಕುಳಿತಿದ್ದಾಗ, ಯಾರೂ ಮುಟ್ಟದೆ, ಯಂತ್ರವೂ ಓಡದೆ ಇರುವಾಗ, ಬಿಳಿ ಲೇಸಿನ ದೊಡ್ಡ ಸುರುಳಿಯೊಂದು ತಾನಾಗಿ ಒಂದು ಗೇಣು ಸರಿದು ನಿಂತಿತು. ಅಕ್ಕ ಲೋಟ ಕೆಳಗಿಟ್ಟರು. ಎದ್ದು ಹೋಗಿ, ಬಾವಿಗೆ ಇಣುಕುವವರ ಹಾಗೆ ನೆಲವನ್ನು ನೋಡಿದರು.

"ಕೆಳಗೆ ಎಂತದೋ ಉಂಟು" ಎಂದರು.

"ಏನಿರುತ್ತೆ ಅಕ್ಕ?"

"ಎಂತದೂ ಇಲ್ಲದೆಯೂ ಇರ್ಬಹುದು. ಅದೇ ಹೆದ್ರಿಕೆ."

ಬಚ್ಚಲಮನೆಯ ಬಾಗಿಲು ಚೌಕಟ್ಟಿಗೆ ಉಜ್ಜಲು ಶುರುವಾಯಿತು. ಕಿಟಕಿಯ ಮೂಲೆಯಿಂದ ಕೂದಲಿನಂಥ ಬಿರುಕೊಂದು ಕೆಳಗಿಳಿಯಿತು. ವಿಲ್ಲಾ ನೋಡಿಕೊಳ್ಳುವ ಮನುಷ್ಯನನ್ನು ಅಕ್ಕ ಕರೆಸಿದರು. ಮಾಲೀಕನಿಂದ ಪೂರ್ತಿ ವಿಲ್ಲಾ ಹಿಡಿದು ತುಂಡುತುಂಡಾಗಿ ಬಾಡಿಗೆಗೆ ಕೊಡುವವನು ಅವನೇ. ಬಂದ, ಬಿರುಕಿನ ಮೇಲೆ ಹೆಬ್ಬೆರಳು ಓಡಿಸಿದ, "ಮಾಫಿ ಮುಷ್ಕಿಲ್, ಮೇಡಂ" ಎಂದ. ಏನೂ ತೊಂದರೆ ಇಲ್ಲವೆಂದು. ಮಾರನೆಯ ದಿನ ಒಬ್ಬ ಬಂದು ಸಿಮೆಂಟು ಮೆತ್ತಿ ಬಣ್ಣ ಬಳಿದು ಹೋದ. ಅಕ್ಕ ಅವನಿಗೆ ಸುರುಳಿ ಉರುಳಿಸಿ ತೋರಿಸಿದರಂತೆ. ಅವನು ಮಗುವಿಗೆ ತೋರಿಸುವ ಆಟ ಎಂದುಕೊಂಡು ಚಪ್ಪಾಳೆ ತಟ್ಟಿದನಂತೆ.

"ಬೇರೆ ಮನೆ ನೋಡುವ" ಎಂದು ಗಂಡನಿಗೆ ಹೇಳಿದರು. ಗಂಡ, "ನಿನ್ನ ಮಾತು ಕೇಳಿದ್ರೆ ನಾವು ಮರುಭೂಮಿಯಲ್ಲಿ ಟೆಂಟ್ ಹಾಕಿ ಕೂರ್ಬೇಕು. ಅಲ್ಲಿಯೂ ನೀನು ಹಾವಿಗೆ ಹೆದರ್ತಿ" ಎಂದರು. ಅವರನ್ನೂ ದೂರುವ ಹಾಗಿಲ್ಲ. ಮದುವೆಯಾದ ದಿನದಿಂದ ದಿನಕ್ಕೊಂದು ಅಪಾಯದ ಸುದ್ದಿ ಕೇಳಿದ ಮನುಷ್ಯ. ಒಂದೂ ನಿಜವಾಗಿರಲಿಲ್ಲ.

ಬಣ್ಣ ಬಳಿದ ಜಾಗದಲ್ಲೇ ಬಿರುಕು ಮತ್ತೆ ಕಂಡ ದಿನ ಅಕ್ಕ ಮನೆಯೊಳಗೆ ಹಗಲು ಕೂರುವುದನ್ನು ನಿಲ್ಲಿಸಿಬಿಟ್ಟರು. ಅವತ್ತು ನಾನು ವೆಸ್ಟ್ ಬೇಯಿಂದ ಬರುವಾಗ ನೋಡುತ್ತೇನೆ, ಗೇಟಿನ ಹೊರಗಿನ ಬೋರೆ ಮರದ ನೆರಳಿನಲ್ಲಿ ಚಾಪೆ ಹಾಸಿ, ಕೊಡೆ ಬಿಡಿಸಿಕೊಂಡು ಅಕ್ಕ ಕೂತಿದ್ದಾರೆ. ತೊಡೆಯ ಮೇಲೆ ನನ್ನ ಮಗಳು. ಏಪ್ರಿಲ್ ಮುಗಿಯುತ್ತಿತ್ತು, ಬಿಸಿಲು ಪೂರ್ತಿ ಏರಿರಲಿಲ್ಲ, ಆದರೂ ಮಗುವಿನ ಮುಖ ಕೆಂಪೇರಿತ್ತು.

"ಅಕ್ಕ, ಇದೇನಿದು? ಮಗೂಗೆ ಜ್ವರ ಬಂದ್ರೆ?"

"ಜ್ವರ ಬಂದ್ರೆ ಮದ್ದು ಉಂಟು" ಎಂದರು. ಮುಖ ಬಿಳಚಿಕೊಂಡಿತ್ತು. "ಇವರು ಹೇಳ್ತಾರೆ ನಂಗೆ ಮಂಡೆ ಸಮ ಇಲ್ಲ ಅಂತ. ಇಲ್ಲದಿದ್ರೆ ಇಲ್ಲ. ನಿನ್ನ ಮಗುವನ್ನು ನಾನು ಆ ನೆಲದ ಮೇಲೆ ಮಲಗಿಸುದಿಲ್ಲ."

ಅದು ದಿನಾ ನಡೆಯಿತು, ರಾತ್ರಿ ಮಾತ್ರ ಗಂಡನ ಬಲವಂತಕ್ಕೆ ಒಳಗೆ ಹೋಗುತ್ತಿದ್ದರು. ದಾರಿಹೋಕರು ನೋಡುತ್ತಿದ್ದರು. ಅಕ್ಕಪಕ್ಕದ ಮನೆಯವರು ಮೊದಲು ನಕ್ಕರು, ಆಮೇಲೆ ಸಿಡುಕಿದರು. ಹಿಂಭಾಗಕ್ಕೆ ಅಂಟಿಕೊಂಡಿದ್ದ ಇನ್ನೊಂದು ಸಂಸಾರದವರ ಬಾಗಿಲನ್ನು ಅಕ್ಕ ದಿನಾ ತಟ್ಟುತ್ತಿದ್ದುದರಿಂದ ಅವರು ಬೇಸತ್ತು ಸಂಬಂಧಿಕರ ಮನೆಗೆ ಹೋದರು. ವಿಲ್ಲಾ ಮನುಷ್ಯ ಬಂದು ಗೇಟಿನ ಮುಂದೆ ಕೂಗಾಡಿದ. ಹೀಗೆ ಬೀದಿಯಲ್ಲಿ ಕೂತರೆ ಯಾರಾದರೂ ದೂರು ಕೊಡುತ್ತಾರೆ, ಅಧಿಕಾರಿಗಳು ಬಂದರೆ ಎಲ್ಲರೂ ಬೀದಿಪಾಲು, ಖಲಾಸ್ ಎಂದ. ಅಕ್ಕ ಕೊಡೆಯ ಕೆಳಗಿಂದ ಅವನನ್ನು ನೋಡಿ, "ನಾನು ಬೀದಿಯಲ್ಲೇ ಇದ್ದೇನಲ್ಲ" ಎಂದರು.

ಡ್ರೈವರ್ ಒಬ್ಬನೇ ಅವರನ್ನು ಬೈಯದೆ ಇದ್ದವನು. ಅಕ್ಕ ಮಧ್ಯಾಹ್ನ ಕಬ್ಬಿಣದ ಮೆಟ್ಟಿಲು ಹತ್ತಿ ಅವನ ಬಾಗಿಲು ತಟ್ಟುತ್ತಿದ್ದರು. ಅವನು ಕಣ್ಣುಜ್ಜಿಕೊಂಡು, ಹೊದಿಕೆ ಹೆಗಲಿಗೆ ಹಾಕಿಕೊಂಡು ಇಳಿದು ಬಂದು ಮರದ ಕೆಳಗೆ ಅವರ ಚಾಪೆಯ ತುದಿಯಲ್ಲಿ ಮಲಗುತ್ತಿದ್ದ. ನೊಣ, ಬಿಸಿಲು, ಗಾಡಿಗಳ ಹಾರ್ನು. ನಿದ್ದೆ ಬರುತ್ತಿರಲಿಲ್ಲ. ಒಂದು ಗುರುವಾರ ನಾನು ಬೇಗ ಬಂದಿದ್ದೆ. ಅವನು ಬಾಗಿಲಲ್ಲೇ ನಿಂತು ಎರಡೂ ಕೈ ಜೋಡಿಸಿ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ.

"ಅಮ್ಮಾ, ಸೋನೇ ದೋ, ಮಲಗೋಕೆ ಬಿಡಿ. ನಿನ್ನೆ ಬಸ್ ಓಡಿಸ್ತಾ ಓಡಿಸ್ತಾನೇ ಕಣ್ಣು ಮುಚ್ಚಿಹೋಯ್ತು. ಹಿಂದೆ ಜನ ಕೂತಿದ್ರು, ಅಮ್ಮಾ."

ತೆಲುಗು, ಹಿಂದಿ ಎಲ್ಲ ಬೆರೆತ ಮಾತು. ಅಕ್ಕನಿಗೆ ಅರ್ಥವಾಯಿತು. ಅವರು ಇಳಿದು ಮರದ ಕೆಳಗೆ ಬಂದರು. ನನ್ನ ಪಕ್ಕದಲ್ಲಿ ಕೂತು ಬಹಳ ಹೊತ್ತು ಕೊಡೆಯ ಹಿಡಿಯನ್ನು ತಿರುಗಿಸುತ್ತಿದ್ದರು. "ಹೌದಲ್ಲ, ಅದೂ ಉಂಟಲ್ಲ" ಎಂದರು. ಒಂದು ಹೆದರಿಕೆಯ ಎದುರಿಗೆ ಅವನು ಇನ್ನೊಂದು ಹೆದರಿಕೆಯನ್ನು ತಂದಿಟ್ಟಿದ್ದ.

ಮಾರನೆಯ ದಿನ ಶುಕ್ರವಾರ, ಇಲ್ಲಿ ವಾರದ ರಜೆ, ಚರ್ಚಿನ ಪೂಜೆಯೂ ಅಂದೇ. ಅಕ್ಕನೂ ಗಂಡನೂ ಬೆಳಿಗ್ಗೆ ಚರ್ಚಿಗೆ ಹೋಗಿ ಬಂದರು. ಗಂಡ ಬಟ್ಟೆ ಬದಲಿಸಿ ಒಳಗೆ ಮಂಚದ ಮೇಲೆ ಕಾಲು ಚಾಚಿದರು. ಅಕ್ಕ ಹೊರಗೆ ಬಾ ಎಂದು ಕರೆದರು. ವಾರವಿಡೀ ಹೆಂಡತಿ ಬೀದಿಯಲ್ಲಿ ಕೂತ ನಾಚಿಕೆ ಅವರಿಗೆ. ರಜೆಯ ದಿನ ತಾವೂ ಹೋಗಿ ಕೂರುವುದೇ? ಬರುವುದಿಲ್ಲ ಎಂದರು. ಅಕ್ಕ ಅತ್ತರು, ಅವರು ಗೋಡೆಯ ಕಡೆ ತಿರುಗಿಕೊಂಡರು.

ನಾನೂ ಶ್ರೀಧರನೂ ನಮ್ಮ ಬಾಗಿಲಲ್ಲಿ ನಿಂತು ಮುಂದಿನದನ್ನೆಲ್ಲ ನೋಡಿದೆವು. ಅಕ್ಕ ಒಳಗಿನಿಂದ ಅನ್ನದ ಪಾತ್ರೆ ಹೊತ್ತು ತಂದು ಮರದ ಕೆಳಗಿಟ್ಟರು. ಮತ್ತೆ ಹೋಗಿ ಅಂಜಲ್ ಮೀನಿನ ಸಾರು ತಂದರು. ಮತ್ತೆ ಹೋಗಿ ತಟ್ಟೆ, ನೀರು, ಉಪ್ಪಿನಕಾಯಿ ಬಾಟಲಿ. ಆಮೇಲೆ ಗೇಟಿನಲ್ಲಿ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು: "ಊಟ ಇಲ್ಲಿ ಉಂಟು. ಬೇಕಾದ್ರೆ ಬನ್ನಿ. ಬೇಡದಿದ್ರೆ ಕಾಗೆಗೆ ಹಾಕ್ತೇನೆ."

ಅವರು ಗಂಡನಿಗೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಗಂಡ ಬನಿಯನ್ನಿನಲ್ಲೇ, ಬರಿಗಾಲಲ್ಲಿ, ಸಿಟ್ಟಿನಿಂದ ದಾಪುಗಾಲು ಹಾಕುತ್ತ ಬಂದರು. "ಮರ್ಯಾದೆ ಉಂಟಾ ನಿಂಗೆ?" ಎಂದು ಬಗ್ಗಿ ಸಾರಿನ ಪಾತ್ರೆಗೆ ಕೈ ಹಾಕಿದರು, ಒಳಗೆ ಒಯ್ಯಲು. ಅಕ್ಕ ಪಾತ್ರೆಯ ಇನ್ನೊಂದು ಕಿವಿ ಹಿಡಿದುಕೊಂಡರು. ಇಬ್ಬರೂ ಎಳೆದಾಡುತ್ತಿದ್ದರು. ಶ್ರೀಧರ ನಗು ತಡೆಯಲಾರದೆ ನನ್ನ ಭುಜ ಹಿಡಿದುಕೊಂಡ.

ಮೊದಲು ಕೇಳಿದ್ದು ಕಿಟಕಿಯ ಗಾಜು ಚಟ್ಟೆಂದು ಬಿರಿದ ಸದ್ದು. ಆಮೇಲೆ ಯಾರೋ ಭಾರವಾದ ಬೀರುವನ್ನು ನೆಲದ ಮೇಲೆ ಎಳೆದ ಹಾಗೆ. ತಾರಸಿಯ ಮೇಲಿನ ಟ್ಯಾಂಕೊಂದು ವಾಲಿತು, ಅದರ ಹಿಂದೆ ಇನ್ನೊಂದು. ಹಿಂದಿನ ಎರಡೂ ಕೋಣೆಗಳು ಮುರಿದು ಬಿದ್ದವು ಎನ್ನುವುದಕ್ಕಿಂತ ಕೂತುಬಿಟ್ಟವು ಎನ್ನಬೇಕು, ಆಯಾಸಗೊಂಡವರು ನಿಂತಲ್ಲೇ ಕುಸಿದು ಕೂರುವ ಹಾಗೆ. ಧೂಳು ನಮ್ಮನ್ನೆಲ್ಲ ನುಂಗಿತು. ಧೂಳಿನೊಳಗಿಂದ ನೀರು ಹರಿಯುವ ಸದ್ದು, ಆಮೇಲೆ ಅಕ್ಕನ ಕೂಗು. ಅವರು ಗಂಡನ ಹೆಸರು ಕೂಗಲಿಲ್ಲ. ಗಂಡ ಅವರ ಪಕ್ಕದಲ್ಲೇ ಪಾತ್ರೆ ಹಿಡಿದು ನಿಂತಿದ್ದರು. "ಮೇಲೆ ಹುಡುಗ ಇದ್ದಾನೆ, ಮೇಲೆ ಹುಡುಗ ಇದ್ದಾನೆ" ಎಂದು ಕೂಗುತ್ತಿದ್ದರು.

ಮೇಲೆ ಎನ್ನುವುದೇ ಆಗ ಇರಲಿಲ್ಲ.

ರಕ್ಷಣಾ ದಳದವರು ಬೇಗ ಬಂದರು. ನಮ್ಮನ್ನೆಲ್ಲ ರಸ್ತೆಯ ಆಚೆ ನಿಲ್ಲಿಸಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನ ದೇಹವನ್ನು ಹೊರಗೆ ತಂದರು. ಮಂಚದ ಮೇಲೇ ಇದ್ದನಂತೆ, ಎಚ್ಚರವಾಗಿರಲಾರದು ಎಂದು ಅವರಲ್ಲೊಬ್ಬ ಹೇಳಿದ. ಅದನ್ನು ಸಮಾಧಾನಕ್ಕೆಂದೇ ಹೇಳಿರಬೇಕು. ನೆಲದಡಿಯ ಕೊಳವೆಯೊಂದು ಬಹಳ ಕಾಲದಿಂದ ಸೋರಿ ಮಣ್ಣನ್ನು ಕೊರೆದುಬಿಟ್ಟಿತ್ತು ಎಂದು ಆಮೇಲೆ ತಿಳಿಯಿತು. ಅಕ್ಕ ಹೇಳಿದ ಹಾಗೆ ಕೆಳಗೆ ಏನೂ ಇರಲಿಲ್ಲ.

ಆ ಸಂಜೆ ಪರಿಚಯದವರೊಬ್ಬರ ಮನೆಯಲ್ಲಿ ಎಲ್ಲರೂ ಉಳಿದೆವು. ಜನ ಬಂದು ಬಂದು ಅಕ್ಕನ ಕೈ ಹಿಡಿದರು. ನೀವು ದೇವರ ಹಾಗೆ ನಮ್ಮ ಮಗುವನ್ನು ಕಾಪಾಡಿದಿರಿ ಎಂದು ಶ್ರೀಧರ ಕಣ್ಣೀರಿಟ್ಟ. ಅವರ ಗಂಡ ಒಂದು ಮೂಲೆಯಲ್ಲಿ ಕೂತು ಹೆಂಡತಿಯನ್ನೇ ನೋಡುತ್ತಿದ್ದರು, ಹೊಸದಾಗಿ ಮದುವೆಯಾದವರ ಹಾಗೆ ಸಂಕೋಚದಿಂದ. ಎಲ್ಲರೂ ಹೋದಮೇಲೆ ಅಕ್ಕ ನನ್ನನ್ನು ಹತ್ತಿರ ಕರೆದರು.

"ಅರ್ಧ ಮೆಟ್ಟಿಲು ಹತ್ತಿದ್ದೆ. ಗೊತ್ತುಂಟಾ ನಿಂಗೆ? ಅನ್ನ ಹೊರಗೆ ಇಡುವ ಮೊದಲು. ಅರ್ಧ ಹತ್ತಿ, ಪಾಪ, ಇವತ್ತೊಂದು ದಿನ ಮಲಗ್ಲಿ ಅಂತ ಇಳಿದು ಬಂದೆ."

ಅವನೇ ಬೇಡಿಕೊಂಡದ್ದು ಅಲ್ಲವೇ ಎಂದೆ. "ಹೌದು" ಎಂದರು. "ಅವನು ಬೇಡಿಕೊಂಡ. ನಾನು ಕೊಟ್ಟೆ."

ಆಮೇಲೆ ಎರಡೂ ಸಂಸಾರ ಅಲ್ ವುಕೈರ್‌ನ ಒಂದು ಕಟ್ಟಡಕ್ಕೆ ಬಂದೆವು. ಹೊಸ ಕಟ್ಟಡ, ಎಲ್ಲ ಮಹಡಿಯಲ್ಲೂ ನಮ್ಮಂಥವರೇ. ಅಕ್ಕ ನೆಲಮಹಡಿಯನ್ನೇ ಕೇಳಿ ಪಡೆದರು. ದೋಣಿ ಮಣ್ಣಿನಡಿ ಹೋಗಿತ್ತು. ಗಂಡ ಇನ್ನೊಂದು ಮಾಡಿಕೊಡುತ್ತೇನೆ ಎಂದರೂ ಬೇಡವೆಂದರು. ನನ್ನ ಮಗಳ ಸಮವಸ್ತ್ರಕ್ಕೆ ಕಿತ್ತುಹೋದ ಗುಂಡಿ ಹಾಕುವಷ್ಟು ಬಿಟ್ಟು ಮತ್ತೆ ಹೊಲಿಗೆ ಮಾಡಲಿಲ್ಲ.

ಆದರೆ ಸುದ್ದಿ ಹಬ್ಬಿತ್ತು. ಹಿಂದೆ ಅವರ ಹೆದರಿಕೆಗೆ ನಕ್ಕವರೇ ಈಗ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಹೊಸ ಮನೆ ಹಿಡಿಯುವ ಮುಂಚೆ ಒಮ್ಮೆ ಬಂದು ನೋಡಿ ಬಾಯಮ್ಮ, ಈ ಗೋಡೆಯ ಗೀಟು ಏನೆಂದು ಹೇಳಿ, ಈ ಸ್ವಿಚ್ಚು ಬಿಸಿಯಾಗುತ್ತಲ್ಲ. ಬೆಂಗಳೂರಿನ ಒಬ್ಬ ಹೆಂಗಸು ತನ್ನ ಬಸುರಿ ಮಗಳನ್ನೇ ಕರೆತಂದು, ಹೆರಿಗೆಗೆ ಇಲ್ಲೇ ಇರಬೇಕೋ ಊರಿಗೆ ಹೋಗಬೇಕೋ ನೀವೇ ಹೇಳಿ ಎಂದಳು. ಅವತ್ತು ಅಕ್ಕ ಸಿಟ್ಟಾದರು.

"ನಂಗೆ ಎಂತ ಗೊತ್ತುಂಟು ಅಂತ ಬರ್ತೀರಿ? ನಾನು ಎಲ್ಲದಕ್ಕೂ ಹೆದರ್ತಿದ್ದೆ. ಒಂದು ಸತ್ಯ ಆಯ್ತು. ಉಳಿದದ್ದೆಲ್ಲ ಸುಳ್ಳು. ಯಾವುದು ಸತ್ಯ ಅಂತ ಅವತ್ತೂ ಗೊತ್ತಿರ್ಲಿಲ್ಲ, ಇವತ್ತೂ ಗೊತ್ತಿಲ್ಲ."

ಜನ ಬರುವುದು ಕಡಿಮೆಯಾಯಿತು. ಕೆಲವರಿಗೆ ಅವರನ್ನು ಕಂಡರೆ ಒಂದು ಬಗೆಯ ಅಳುಕು. ಅವರು ಯಾರ ಮನೆಯಲ್ಲಾದರೂ ಗೋಡೆಯನ್ನು ಎರಡು ಸಲ ನೋಡಿದರೆ ಆ ಮನೆಯವರ ನಿದ್ದೆ ಹಾರಿಹೋಗುತ್ತಿತ್ತು. ಹಬ್ಬಗಳಿಗೆ ಕರೆಯುವವರು ಕಡಿಮೆಯಾದರು. ಅವರಿಗೂ ಅದು ತಿಳಿಯುತ್ತಿತ್ತು. ಯಾರ ಮನೆಗೆ ಹೋದರೂ ನೆಲ ನೋಡುತ್ತ ಕೂರಲು ಕಲಿತರು, ಆಮೇಲೆ ನೆಲ ನೋಡಿದರೂ ಜನ ಹೆದರುತ್ತಾರೆಂದು ತಮ್ಮ ಅಂಗೈ ನೋಡುತ್ತ ಕೂರತೊಡಗಿದರು.

ಆ ಕಟ್ಟಡದಲ್ಲಿ ಬೆಂಕಿಯ ಅಲಾರಂ ಆಗಾಗ ಸುಳ್ಳೇ ಬಡಿದುಕೊಳ್ಳುತ್ತಿತ್ತು. ಯಾರೋ ಕರಿದರೆ ಸಾಕು, ಧೂಪ ಹಾಕಿದರೆ ಸಾಕು. ಮೊದಮೊದಲು ಇಳಿದು ಬರುತ್ತಿದ್ದೆವು, ಆಮೇಲೆ ಯಾರೂ ಟಿವಿಯ ಮುಂದಿನಿಂದ ಏಳುತ್ತಿರಲಿಲ್ಲ. ಅಕ್ಕ ಊರಿಗೆ ಹೊರಡುವುದಕ್ಕೆ ಕೆಲವು ತಿಂಗಳ ಹಿಂದೆ, ಒಂದು ಶನಿವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಅದು ಮತ್ತೆ ಶುರುವಾಯಿತು. ನಾನು ಇಡ್ಲಿಗೆ ನೆನೆಹಾಕುತ್ತಿದ್ದವಳು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ದಬದಬ ಬಡಿಯಿತು. ತೆರೆದರೆ ಅಕ್ಕ, ಕೈಯಲ್ಲಿ ಚಪ್ಪಲಿ, ಅದರಿಂದಲೇ ಬಾಗಿಲು ಬಡಿಯುತ್ತಿದ್ದರು.

"ಇಳಿ. ಮಗುವನ್ನು ಕರ್ಕೊಂಡು ಇಳಿ."

"ಅಕ್ಕ, ಇದು ಯಾವಾಗಲೂ..."

ಕೇಳಿಸಿಕೊಳ್ಳಲು ಅವರು ಅಲ್ಲಿ ಇರಲಿಲ್ಲ. ಆಗಲೇ ಪಕ್ಕದ ಬಾಗಿಲಿನಲ್ಲಿದ್ದರು. ಮಗಳನ್ನು ಶ್ರೀಧರನ ಜೊತೆ ಕೆಳಗೆ ಕಳಿಸಿ, ಅವರ ಮಂಡಿಯ ನೆನಪಾಗಿ ನಾನು ಹಿಂದೆಯೇ ಹೋದೆ. ಗೋಡೆ ಹಿಡಿದುಕೊಂಡು ಒಂದೊಂದೇ ಮಹಡಿ ಹತ್ತುತ್ತಿದ್ದರು. ಪ್ರತಿ ಮಹಡಿಯಲ್ಲೂ ಪ್ರತಿ ಬಾಗಿಲು. ತೆರೆಯುವವರೆಗೆ ಬಿಡುತ್ತಿರಲಿಲ್ಲ. ಬೈದರು ಜನ. ಹುಚ್ಚು ಹೆಂಗಸು ಎಂದು ಒಬ್ಬ ಹಿಂದಿಯಲ್ಲಿ ಗೊಣಗಿದ. ಅವರು ಮುಂದಿನ ಬಾಗಿಲಿಗೆ ಹೋದರು.

ಕೊನೆಯ ಮಹಡಿಯ ಕೊನೆಯ ಮನೆ ತೆರೆಯಲಿಲ್ಲ. ಅಕ್ಕ ಬಡಿದರು, ಕರೆದರು, ಮತ್ತೆ ಬಡಿದರು. ಅಲ್ಲಿ ಯಾರೂ ಇಲ್ಲ ಎಂದುಕೊಂಡೆ. ಬಹಳ ಹೊತ್ತಿನ ಮೇಲೆ ಬಾಗಿಲು ಸರಿಯಿತು. ಕಣ್ಣು ಕೆಂಪಗಾದ ಒಬ್ಬ ಯುವಕ, ಸೊಂಟದಲ್ಲಿ ಲುಂಗಿ. ಆಸ್ಪತ್ರೆಯೊಂದರಲ್ಲಿ ನರ್ಸು, ಮಂಗಳೂರಿನ ಕಡೆಯವನು.

"ಬಾಯಮ್ಮ, ನೈಟ್ ಡ್ಯೂಟಿ ಮುಗಿಸಿ ಈಗ ಮಲಗಿದ್ದು. ಪ್ಲೀಸ್, ಮಲಗ್ಲಿಕ್ಕೆ ಬಿಡಿ."

ಅಕ್ಕ ಏದುಸಿರು ಬಿಡುತ್ತಿದ್ದರು. ಅವರು ಕೈ ಚಾಚಿ ಬಾಗಿಲನ್ನು ಹಿಡಿದುಕೊಂಡರು.

"ಬಿಡುದಿಲ್ಲ" ಎಂದರು. "ಬೈ, ಎಷ್ಟು ಬೇಕಾದ್ರೂ ಬೈ. ನೀನು ಇಳಿಯದೆ ನಾನು ಇಳಿಯುದಿಲ್ಲ."

ಅವನು ನನ್ನನ್ನು ನೋಡಿದ. ನಾನು ಬಾ ಎಂದು ತಲೆಯಾಡಿಸಿದೆ. ಮೂವರೂ ಮೆಟ್ಟಿಲು ಇಳಿದೆವು, ಅಕ್ಕ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದರು.

ಕೆಳಗೆ ಇಡೀ ಕಟ್ಟಡ ಬಿಸಿಲಿನಲ್ಲಿ ನಿಂತಿತ್ತು. ನೈಟಿ, ಬರ್ಮುಡಾ, ಅರ್ಧ ಕ್ಷೌರದ ಮುಖಗಳು. ವಾಚ್‌ಮನ್ ಬಂದು ಎರಡನೇ ಮಹಡಿಯಲ್ಲಿ ಯಾರದೋ ಹಪ್ಪಳ ಸುಟ್ಟದ್ದು, ಬೆಂಕಿಯಿಲ್ಲ, ಎಲ್ಲ ಹೋಗಬಹುದು ಎಂದ. ಜನ ಅಕ್ಕನ ಕಡೆ ಕೆಂಗಣ್ಣು ಬಿಟ್ಟು ಒಬ್ಬೊಬ್ಬರಾಗಿ ಲಿಫ್ಟಿನ ಕಡೆ ನಡೆದರು. ಅವರ ಗಂಡ ನೀರಿನ ಬಾಟಲಿ ಹಿಡಿದು ಓಡಿ ಬಂದರು.

ಅಕ್ಕ ಕಟ್ಟೆಯ ಮೇಲೆ ಕೂತು ಎರಡೂ ಮಂಡಿಗಳನ್ನು ಒತ್ತಿಕೊಳ್ಳುತ್ತಿದ್ದರು. ಬೆವರು ಗಲ್ಲದಿಂದ ಇಳಿಯುತ್ತಿತ್ತು.

"ಸುಳ್ಳು ಅಲಾರಂ ಅಕ್ಕ" ಎಂದೆ.

"ಹೌದಾ? ಒಳ್ಳೇದಾಯ್ತು" ಎಂದರು.

ಆ ಯುವಕ ಗೋಡೆಗೊರಗಿ ನಿಂತಲ್ಲೇ ತೂಕಡಿಸುತ್ತಿದ್ದ. ಅಕ್ಕ ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈ ಹಿಡಿದು ಎದ್ದು, ಅವನ ಹತ್ತಿರ ಹೋಗಿ, ಬೆನ್ನ ಮೇಲೆ ಮೆಲ್ಲಗೆ ತಟ್ಟಿ ಎಬ್ಬಿಸಿದರು.

"ಹೋಗು ಮಗಾ" ಎಂದರು. "ಈಗ ಹೋಗಿ ಮಲಗು."